ರಸ್ತೆಗೂ ಟ್ರ್ಯಾಕಿಗೂ ಒಂದೇ ಗಾಲಿ: 1972ರ ಷೆವರ್ಲೆ ಸಿ10ಕ್ಕೆ ಅಳತೆ ಹುಡುಕಿದ ಏಳು ತಿಂಗಳು

ಮಾರ್ಚ್‌ನಲ್ಲಿ ಹಿಡಿದ ಕೆಲಸ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದರಲ್ಲಿ ಸ್ಪಾನರ್ ಹಿಡಿದದ್ದು ಆರೇಳು ದಿನ ಮಾತ್ರ. ಮಿಕ್ಕಿದ್ದೆಲ್ಲ ಅಳೆಯುವುದು, ಫಾರಂ ತುಂಬುವುದು, ತಪ್ಪಾಗಿ ತರಿಸಿದ್ದನ್ನು ವಾಪಸ್ ಕಳಿಸುವುದು, ಕಾಯುವುದು. ಅಮೆರಿಕದಲ್ಲಿರುವ ನಮ್ಮವರು ಕೆಲವರು ಈಗ ಹಳೆಯ ಪಿಕಪ್ ಕೊಂಡು, ವಾರವೆಲ್ಲ ರಸ್ತೆಯಲ್ಲಿ ಓಡಿಸಿ, ತಿಂಗಳಿಗೊಮ್ಮೆ ಆಟೊಕ್ರಾಸ್‌ಗೋ (ಕೋನ್‌ಗಳ ನಡುವೆ ಸಮಯ ಅಳೆದು ಓಡಿಸುವ ಸ್ಪರ್ಧೆ) ಟ್ರ್ಯಾಕ್ ಡೇಗೋ (ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಒಯ್ಯುತ್ತಿದ್ದಾರೆ. ಗಾಲಿಯ ವಿಷಯದಲ್ಲಿ ಅವರ ಸಮಯ, ದುಡ್ಡು ಹಾಳಾಗಬಾರದೆಂದು ಇಷ್ಟನ್ನು ಬರೆದಿಡುತ್ತಿದ್ದೇನೆ.

ನನ್ನ ಸಿ10 ಟ್ರಕ್ ಎಂದರೆ ನಮ್ಮೂರ ಲಾರಿಯಲ್ಲ, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್. ಸಿ10ರಲ್ಲಿ 'ಸಿ' ಅಂದರೆ ಹಿಂದಿನ ಎರಡು ಗಾಲಿಗೆ ಮಾತ್ರ ಎಂಜಿನ್ ಶಕ್ತಿ, '10' ಅಂದರೆ ಅರ್ಧ ಟನ್ ವರ್ಗ. 1967ರಿಂದ 1972ರವರೆಗಿನ ಮಾದರಿಯಲ್ಲಿ ಗಿಡ್ಡ ತೊಟ್ಟಿಯ ಗಾಡಿಗೆ ಗಾಲಿಯಿಂದ ಗಾಲಿಗೆ 115 ಇಂಚ್, ಉದ್ದ ತೊಟ್ಟಿಯದಕ್ಕೆ 127. ಟ್ರ್ಯಾಕಿಗೆ ಗಿಡ್ಡದ್ದನ್ನೇ ಹುಡುಕುತ್ತಾರೆ. ಎಂಜಿನ್ ಮುಂದೆ, ಹಿಂದೆ ಖಾಲಿ ತಗಡು. ಮೂಗು ಭಾರ, ಬಾಲ ಹಗುರ. ಮುಂದಿನ ಲೆಕ್ಕವೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ.

ಮೊದಲ ಕೆಲಸ ತೂಕ ಹಾಕಿಸುವುದು. ಹೆದ್ದಾರಿ ಬದಿಯಲ್ಲಿ ಲಾರಿಗಳು ನಿಲ್ಲುವ ಕಡೆ ವೇಬ್ರಿಡ್ಜ್ ಇರುತ್ತದೆ. ಹದಿನೈದು ಡಾಲರ್ ಕೊಟ್ಟರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಚಾಲಕ ಒಳಗೆ ಕೂತು, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ತೂಗಿಸಿ. ನನ್ನ ಚೀಟಿಯಲ್ಲಿ ಬಂದದ್ದು ಮುಂದೆ 989 ಕೆ.ಜಿ., ಹಿಂದೆ 812. ಅಂದರೆ ನೂರಕ್ಕೆ 55 ಪಾಲು ಮುಂದೆ. ಈ ಚೀಟಿ ಜೋಪಾನ. ಟೈರಿನ ಭಾರ ಹೊರುವ ಶಕ್ತಿ ನೋಡುವಾಗಲೂ ರಿಮ್ ಆರ್ಡರ್ ಮಾಡುವಾಗಲೂ ಮತ್ತೆ ಮತ್ತೆ ಬೇಕಾಯಿತು.

ಎಲ್ಲರೂ ಮಾಡುವ ತಪ್ಪು, ಚಂದದ ರಿಮ್ ಮೊದಲು ಆರಿಸಿ ಆಮೇಲೆ ಟೈರ್ ಹುಡುಕುವುದು. ಟ್ರ್ಯಾಕಿಗೂ ಹೋಗುವ ಗಾಡಿಗೆ ಇದು ತಿರುಗುಮುರುಗಾಗಬೇಕು. ಅಮೆರಿಕದ ಮೋಟಾರು ಕ್ರೀಡಾ ಸಂಸ್ಥೆ ಎಸ್‌ಸಿಸಿಎ ನಡೆಸುವ ಆಟೊಕ್ರಾಸ್‌ನ 'ಕ್ಯಾಮ್' ವರ್ಗದಂಥ ಕಡೆ ಟೈರಿನ ಟ್ರೆಡ್‌ವೇರ್ ಸಂಖ್ಯೆ ಕನಿಷ್ಠ 200 ಇರಬೇಕು. ಈ ಸಂಖ್ಯೆ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟು ರಬ್ಬರ್ ಮೆದು, ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಅದನ್ನು ಕೊಡುವುದು ತಯಾರಕರೇ ಆದ್ದರಿಂದ ಒಬ್ಬರ 200 ಇನ್ನೊಬ್ಬರ 200ಕ್ಕೆ ಸಮವಲ್ಲ. ಆದರೂ ಪರಿಶೀಲನೆಗೆ ಬರುವವರು ನೋಡುವುದು ಆ ಅಂಕಿಯನ್ನೇ.

ಈಗ ತೊಡಕು. ಒಳ್ಳೆಯ 200 ಟೈರ್‌ಗಳು ಕಾರ್ವೆಟ್, ಮಸ್ಟಾಂಗ್ ಓಡಿಸುವವರು ಕೊಳ್ಳುವ ಅಳತೆಯಲ್ಲಿ ಬರುತ್ತವೆ, ಪಿಕಪ್ ಅಳತೆಯಲ್ಲಲ್ಲ. ನನ್ನ ಗಾಡಿಯಲ್ಲಿದ್ದದ್ದು 20×9 ರಿಮ್ (20 ಇಂಚ್ ವ್ಯಾಸ, 9 ಇಂಚ್ ಅಗಲ), 275/40 ಆರ್20 ಟೈರ್ (ಅಗಲ 275 ಮಿ.ಮೀ., ಪಕ್ಕದ ಎತ್ತರ ಅಗಲದ ನೂರಕ್ಕೆ 40 ಪಾಲು, 20 ಇಂಚ್ ರಿಮ್ಮಿಗೆ). ಹೊರ ವ್ಯಾಸ 728 ಮಿ.ಮೀ. ಈ ಎತ್ತರದಲ್ಲಿ ಟ್ರ್ಯಾಕ್ ಟೈರ್ ಹುಡುಕಿದರೆ ಕೈಗೆ ಸಿಗುವುದು ಬಹಳ ಕಡಿಮೆ. ಅದೇ 275/35 ಆರ್18ರಲ್ಲಿ ಹಲವು ಕಂಪನಿಗಳದ್ದು ಸಿಗುತ್ತದೆ, ಬೆಲೆಯಲ್ಲಿ ಚೌಕಾಸಿಗೂ ಜಾಗವಿದೆ. ಒಂದು ಕಂಪನಿ ಆ ಟೈರ್ ನಿಲ್ಲಿಸಿದರೆ ಇನ್ನೊಂದರದ್ದು ತರಬಹುದು. ಹೀಗೆ 18 ಇಂಚ್ ಎಂದು ತೀರ್ಮಾನಿಸಿದ್ದು ಟೈರ್ ಅಂಗಡಿಯ ಪಟ್ಟಿ.

17 ಇಂಚ್ ಯಾಕೆ ಬೇಡ? ಮುಂದಿನ ಬ್ರೇಕ್ ಡಿಸ್ಕ್ 13 ಇಂಚಿನದು; ಅದರ ಮೇಲೆ 17ರ ರಿಮ್ ಸಾಮಾನ್ಯವಾಗಿ ಕೂರುತ್ತದೆ. ನಾಳೆ 14ರ ಡಿಸ್ಕ್ ಹಾಕಿದರೆ 18 ಬೇಕೇ ಬೇಕು. ಕಂಪನಿಯಿಂದ ಬಂದ ಸುಮಾರು 12 ಇಂಚಿನ ಡಿಸ್ಕೇ ಸಾಕು ಅನ್ನುವವರಿಗೆ 17 ತಪ್ಪಲ್ಲ, ಆದರೆ ಅಗಲದ ಟೈರ್ ಆಯ್ಕೆ ಅಲ್ಲಿ ಕಡಿಮೆ. 20 ಬಿಡಲು ಇನ್ನೊಂದು ಕಾರಣ ತೂಕ. ಮನೆಯ ತೂಕದ ಯಂತ್ರದ ಮೇಲೆ ಟೈರ್ ಸಮೇತ ಇಟ್ಟು ನೋಡಿದೆ: 20ರದ್ದು ಒಂದೊಂದು 29 ಕೆ.ಜಿ., ಈಗ ಹಾಕಿರುವ 18ರದ್ದು 22. ಒಟ್ಟು 28 ಕೆ.ಜಿ. ಇಳಿಯಿತು, ಅದೂ ಸ್ಪ್ರಿಂಗ್‌ನ ಕೆಳಗಿನ, ಸುತ್ತುವ ತೂಕ. ಉಬ್ಬು ದಾಟುವಾಗ ಹಿಂಭಾಗ ಕುಪ್ಪಳಿಸುವುದು ಮೊದಲ ದಿನವೇ ಕಡಿಮೆಯಾಗಿದ್ದು ಗೊತ್ತಾಯಿತು.

ಟೈರ್ ಹೊರುವ ಭಾರದ ವಿಷಯದಲ್ಲಿ ರಾಜಿ ಬೇಡ. 275/35 ಆರ್18 ಸಾಮಾನ್ಯ ಟೈರಿನ ಲೋಡ್ ಇಂಡೆಕ್ಸ್ 95, ಅಂದರೆ 690 ಕೆ.ಜಿ. ಕಾರಿನ ಟೈರನ್ನು ಪಿಕಪ್‌ಗೆ ಹಾಕುವಾಗ ಅಮೆರಿಕದ ನಿಯಮದಂತೆ ಅದನ್ನು 1.10ರಿಂದ ಭಾಗಿಸಬೇಕು, ಪಿಕಪ್ ಭಾರ ಹೊರುವ ಗಾಡಿ, ಕಾರಿನಷ್ಟು ಮೆತ್ತಗೆ ಬಾಳುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಭಾಗಿಸಿದರೆ 627. ಎರಡು ಟೈರಿಗೆ 1,254 ಕೆ.ಜಿ. ಮುಂದೆ ಇರುವುದು 989, ಸಾಕಷ್ಟಾಯಿತು. ಹಿಂದೆ 812, ಹಾಗಾಗಿ ಹೆಚ್ಚೆಂದರೆ 440 ಕೆ.ಜಿ. ಉಳಿಯುತ್ತದೆ. ತೊಟ್ಟಿಯಲ್ಲಿ ಜಲ್ಲಿ, ಮರಳು ತುಂಬುವ ಗಾಡಿಗೆ ಇದು ಸಲ್ಲದ ಟೈರ್. ಟ್ರೇಲರ್ ಎಳೆಯುವವರೂ ಈ ದಾರಿ ಬಿಡಿ, ಅಥವಾ ಲೋಡ್ ಇಂಡೆಕ್ಸ್ 99 ಇರುವ 'ಎಕ್ಸ್‌ಎಲ್' ಟೈರ್ ಸಿಕ್ಕರೆ ಅದನ್ನೇ ಹಿಡಿಯಿರಿ. ಭಾಗಿಸಿದ ಮೇಲೂ ಒಂದಕ್ಕೆ 704 ಕೆ.ಜಿ. ಬರುತ್ತದೆ. ರಿಮ್ಮಿಗೂ ಇದೇ ಪ್ರಶ್ನೆ ಕೇಳಿ. ಅದರ ಹಿಂಬದಿಯಲ್ಲಿ ಎಷ್ಟು ಭಾರಕ್ಕೆಂದು ಬರೆದಿರುತ್ತದೆ. ಬರೆದಿಲ್ಲದ ರಿಮ್ ಎಷ್ಟೇ ಅಗ್ಗವಾದರೂ ಬೇಡ.

ಅಗಲದ ಪ್ರಶ್ನೆ ಆಮೇಲೆ. ಹಿಂದೆ 315/30 ಆರ್18, ಮುಂದೆ 275 ಹಾಕುವ ಆಸೆ ಎಲ್ಲರಿಗೂ. ಹಿಂದಿನಿಂದ ನೋಡಲು ಚಂದ. ಆದರೆ 315ರ ಟೈರಿಗೆ 11 ಇಂಚ್ ರಿಮ್ ಬೇಕು, ಟೈರಿನ ಹೊಟ್ಟೆ ಸುಮಾರು 320 ಮಿ.ಮೀ. ನನ್ನ ತೊಟ್ಟಿಯ ಒಳಗೋಡೆಯಿಂದ ಮಡ್‌ಗಾರ್ಡ್ ತುಟಿಯವರೆಗೆ ಇರುವುದೇ 328 ಮಿ.ಮೀ. ಒಳಗೋಡೆ ಕತ್ತರಿಸಿ ಅಗಲ ಮಾಡದೆ ಅದು ಕೂರುವುದಿಲ್ಲ. ಕೂತರೂ ಮೂಗು ಭಾರದ ಗಾಡಿಗೆ ಹಿಂದೆ ಅಗಲ ಟೈರ್ ಹಾಕಿದರೆ ತಿರುವಿನಲ್ಲಿ ಮೂಗು ಇನ್ನೂ ಹೊರಕ್ಕೆ ಜಾರುತ್ತದೆ. ಹಿಡಿತ ಬೇಕಿರುವುದು ಮುಂದೆ. ಹಾಗಾಗಿ ನಾಲ್ಕೂ ಒಂದೇ ಅಳತೆ: 18×9.5 ರಿಮ್, 275/35 ಆರ್18. ಮುಂದಿನದು ಬೇಗ ಸವೆಯುತ್ತದೆ. ನಾಲ್ಕೂ ಒಂದೇ ಇದ್ದರೆ ಹಿಂದು ಮುಂದು ಅದಲುಬದಲು ಮಾಡಿ ಎಲ್ಲವನ್ನೂ ಸಮನಾಗಿ ಸವೆಸಬಹುದು. ಡ್ರ್ಯಾಗ್ ಪಟ್ಟಿಯಲ್ಲಿ ನೇರ ಓಡುವ ಗಾಡಿಯ ಲೆಕ್ಕ ಬೇರೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಅಳೆಯುವ ಮುನ್ನ ಸಸ್ಪೆನ್ಷನ್ ಕೆಲಸ ಪೂರ್ತಿ ಮುಗಿದಿರಲಿ. ಗಾಡಿ ಯಾವ ಎತ್ತರದಲ್ಲಿ ಓಡುತ್ತದೋ ಅದೇ ಎತ್ತರದಲ್ಲಿ ಅಳೆಯಬೇಕು, ಆಮೇಲೆ ಒಂದೊಂದು ಮೂಲೆಯ ಸ್ಪ್ರಿಂಗ್ ತೆಗೆದು, ಜಾಕ್‌ನಿಂದ ಬಂಪ್ ಸ್ಟಾಪ್ (ಗಾಲಿ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ಮುಟ್ಟುವವರೆಗೆ ಎತ್ತಿ ಮತ್ತೊಮ್ಮೆ. ನೆಲದ ಮೇಲೆ ಸರಿಹೋದದ್ದು ಮೇಲೆ ಎದ್ದಾಗ ತಾಗುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಧನ ಪ್ಲೈವುಡ್ ತಟ್ಟೆ: 650 ಮಿ.ಮೀ. ವ್ಯಾಸದ್ದು ಎರಡು ಕತ್ತರಿಸಿ, ನಡುವೆ ಮರದ ತುಂಡುಗಳನ್ನಿಟ್ಟು ಹೊರಗಿನಿಂದ ಹೊರಗೆ 278 ಮಿ.ಮೀ. ಅಗಲ ಬರುವಂತೆ ಮೊಳೆ ಹೊಡೆದು, ಗಾಲಿ ಕೂರುವ ಹಬ್ಬಿಗೆ (ಹಬ್) ಬಿಗಿಯುವುದು. 9.5 ರಿಮ್ಮಿನ ಮೇಲೆ ಕೂತ 275ರ ಟೈರಿನ ನಿಜವಾದ ಹೊಟ್ಟೆ 278. ರಿಮ್ ಅರ್ಧ ಇಂಚ್ ಅಗಲವಾದರೆ ಹೊಟ್ಟೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಈ ಮರದ ಗಾಲಿಯನ್ನು ಸ್ಟೀರಿಂಗ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಮೇಲೆ ಕೆಳಗೆ ಎತ್ತಿ ಇಳಿಸಿ ನೋಡಿದರೆ ತಾಗುವ ಜಾಗದಲ್ಲಿ ಪ್ಲೈವುಡ್ ಅಂಚು ಗೀರಿಕೊಳ್ಳುತ್ತದೆ. ನನ್ನದರಲ್ಲಿ ಬಲಕ್ಕೆ ಪೂರ್ತಿ ತಿರುಗಿದಾಗ ಗಾಡಿ ವಾಲದಂತೆ ತಡೆಯುವ ಆಂಟಿರೋಲ್ ಬಾರ್‌ನ ಕಪ್ಪು ಬಣ್ಣ ಮರಕ್ಕೆ ಹತ್ತಿತ್ತು, ಬೆರಳಗಲದ ಗೆರೆ. ಅದಕ್ಕೆ ಪರಿಹಾರ ಸ್ಟೀರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತಿರುಗಿಸುವುದು. ಗಾಡಿ ತಿರುಗಲು ಒಂದಿಷ್ಟು ಹೆಚ್ಚು ಜಾಗ ಬೇಕಾಗುತ್ತದೆ, ಅಷ್ಟೇ.

ಹಬ್ಬಿನ ಮುಖದಿಂದ ಮುಂದೆ ಒಳಗಡೆ 158 ಮಿ.ಮೀ., ಹೊರಗಡೆ ಮಡ್‌ಗಾರ್ಡ್ ತುಟಿಗೆ 152. ಹಿಂದೆ ಒಳಗೆ 178, ಹೊರಗೆ 150. ರಿಮ್ ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಸರಿದಿದೆಯೋ ಅದೇ ಆಫ್‌ಸೆಟ್; ಪ್ಲಸ್ ಆದರೆ ಗಾಲಿ ಒಳಕ್ಕೆ ಸರಿಯುತ್ತದೆ. ಅದು ಸೊನ್ನೆಯಾದರೆ ಟೈರ್ ಎರಡೂ ಕಡೆ 139 ಚಾಚುತ್ತದೆ. ಮುಂದೆ ಒಳಗೆ 19, ಹೊರಗೆ 13 ಉಳಿಯುತ್ತದೆ. ಹಿಂದೆ ಇನ್ನೂ ಒಳಕ್ಕೆ ತಳ್ಳಬಹುದಿತ್ತು, ಆದರೆ ಅದಲುಬದಲು ಮಾಡಬೇಕೆಂದರೆ ಆಫ್‌ಸೆಟ್ ಒಂದೇ ಇರಬೇಕು. ಸೊನ್ನೆಯೇ ಖಾಯಂ.

ಏಪ್ರಿಲ್ ಪೂರ್ತಿ ತಿಂದದ್ದು ಪಿಸಿಡಿ, ಅಂದರೆ ಗಾಲಿಯ ನಟ್‌ಗಳು ಕೂರುವ ವೃತ್ತದ ವ್ಯಾಸ. 1971ರಿಂದ ಸಿ10ಕ್ಕೆ ಐದು ನಟ್, 5 ಇಂಚ್ ವೃತ್ತ, ಅಂದರೆ 5×127. ಅದಕ್ಕೆ ಮೊದಲಿನದು ಆರು ನಟ್, 5.5 ಇಂಚ್, ಗಾಡಿ ಕೊಳ್ಳುವಾಗಲೇ ಎಣಿಸಿಕೊಳ್ಳಿ. ಟ್ರ್ಯಾಕಿಗೆಂದು ಬರುವ ಹಗುರ ರಿಮ್‌ಗಳು ಬಹುಪಾಲು 5×114.3 ಇಲ್ಲವೇ 5×120ರ ಆಸುಪಾಸು. 5×127 ಸುಲಭವಾಗಿ ಸಿಗುವುದು ಜೀಪ್ ರಾಂಗ್ಲರ್ ಜೆಕೆಯದು. ಒಂದು ರಿಮ್ ತರಿಸಿ ಹಿಡಿದು ನೋಡಿದೆ. ನಟ್ ತೂತು ಸರಿಯಾಗಿ ಕೂತವು, ರಿಮ್ ಮಾತ್ರ ಹಬ್ಬಿನ ಮೂತಿಯಲ್ಲೇ ನಿಂತುಬಿಟ್ಟಿತು. ಜೀಪಿನ ನಡುತೂತು 71.5 ಮಿ.ಮೀ., ನನ್ನ ಹಬ್ಬಿನ ಮೂತಿ 78. ಲೇತ್‌ನಲ್ಲಿ ಕೊರೆಸಬಹುದಿತ್ತು, ಆದರೆ ಅದರ ಆಫ್‌ಸೆಟ್ +44. ಒಳಗೆ 19 ಮಿ.ಮೀ. ಮಾತ್ರ ಇರುವ ಕಡೆ 44 ಒಳಕ್ಕೆ ಹೋದರೆ ಗಾಲಿ ಸುತ್ತುವ ಮಾತೇ ಇಲ್ಲ. ವಾಪಸ್ ಕಳಿಸಲು 55 ಡಾಲರ್. ಪಿಸಿಡಿ, ನಡುತೂತು, ಆಫ್‌ಸೆಟ್ ಮೂರೂ ಒಟ್ಟಿಗೆ ಹೊಂದಿದರೆ ಮಾತ್ರ ದುಡ್ಡು ಕೊಡಿ.

ಅಡಾಪ್ಟರ್ ದಾರಿಯೂ ಇದೆ. 32 ಮಿ.ಮೀ. ದಪ್ಪದ ಅಡಾಪ್ಟರ್ ಹಾಕಿ ಮಸ್ಟಾಂಗಿನ +35 ಆಫ್‌ಸೆಟ್ ರಿಮ್ ಬಿಗಿದರೆ ಕೊನೆಗೆ ಸಿಗುವುದು +3, ಬೇಕಾದ್ದಕ್ಕೆ ಬಹಳ ಹತ್ತಿರ. ಖರ್ಚೂ ಕಡಿಮೆ. ಆದರೆ ಒಂದರ ಬದಲು ಎರಡು ಸುತ್ತು ನಟ್‌ಗಳನ್ನು ನೋಡಿಕೊಳ್ಳಬೇಕು, ಒಳಗಿನ ಸುತ್ತು ಕಣ್ಣಿಗೆ ಬೀಳುವುದಿಲ್ಲ, ಪ್ರತಿ ಬಾರಿ ಗಾಲಿ ಬಿಚ್ಚಿಯೇ ಬಿಗಿ ನೋಡಬೇಕು. ಬಿಸಿಯಾಗಿ ತಣಿಯುವ ಟ್ರ್ಯಾಕ್ ಗಾಡಿಗೆ ಅದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ತೂತು ಕೊರೆಯದ ಹಗುರ ರಿಮ್ಮನ್ನು 5×127ಕ್ಕೆ ಕೊರೆದು ಕೊಡುವವರಲ್ಲಿ ಮೇ ಮೊದಲ ವಾರ ಆರ್ಡರ್ ಕೊಟ್ಟೆ. ಒಂದಕ್ಕೆ 430 ಡಾಲರ್, ಎಂಟು ವಾರ ಎಂದರು. ಬಂದದ್ದು ಹದಿಮೂರು ವಾರಕ್ಕೆ. ನಿಮ್ಮ ಮೊದಲ ಟ್ರ್ಯಾಕ್ ದಿನದ ಶುಲ್ಕವನ್ನು ರಿಮ್ ಕೈಗೆ ಬರುವವರೆಗೆ ಕಟ್ಟಬೇಡಿ.

ಆರ್ಡರ್ ಕಾಗದದಲ್ಲೇ ದೊಡ್ಡ ಕಂಟಕ ಅಡಗಿತ್ತು. ಫಾರಂನಲ್ಲಿ ಆಫ್‌ಸೆಟ್ ಸೊನ್ನೆ ಎಂದು ಬರೆದಿದ್ದೆ. ಸಹಿಗೆ ಬಂದ ನಕ್ಷೆಯಲ್ಲಿ ಬ್ಯಾಕ್‌ಸ್ಪೇಸಿಂಗ್ 4.75 ಇಂಚ್ ಎಂದಿತ್ತು. ಯಾರೋ 9.5ನ್ನು ಎರಡರಿಂದ ಭಾಗಿಸಿದ್ದರು. ರಿಮ್ಮಿನ ಅಗಲ ಎಂದರೆ ಟೈರ್ ಕೂರುವ ಜಾಗದಿಂದ ಜಾಗಕ್ಕೆ. ಎರಡೂ ಕಡೆಯ ತುಟಿ ಸೇರಿದರೆ ಸುಮಾರು ಒಂದು ಇಂಚ್ ಹೆಚ್ಚು. ಬ್ಯಾಕ್‌ಸ್ಪೇಸಿಂಗ್ ಅಳೆಯುವುದು ಹಿಂದಿನ ತುಟಿಯಿಂದ ಹಬ್ಬಿಗೆ ತಾಗುವ ಮುಖದವರೆಗೆ, ಆದ್ದರಿಂದ 10.5ರ ಅರ್ಧ, 5.25 ಆಗಬೇಕು. ಆ ಅರ್ಧ ಇಂಚ್ ಅಂದರೆ 12.7 ಮಿ.ಮೀ. ಹೊರಕ್ಕೆ. ಮುಂದೆ ಹೊರಗಡೆ ನನಗಿದ್ದದ್ದೇ 13. ಸಹಿ ಹಾಕಿದ್ದರೆ ಪ್ರತಿ ತಿರುವಿನಲ್ಲೂ ಮಡ್‌ಗಾರ್ಡ್ ಟೈರ್ ಕೊಯ್ಯುತ್ತಿತ್ತು, ಕೊರೆಸಿದ ರಿಮ್ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ನಕ್ಷೆಯಲ್ಲಿ ಆಫ್‌ಸೆಟ್ ಮಿ.ಮೀ.ನಲ್ಲಿ, ಬ್ಯಾಕ್‌ಸ್ಪೇಸಿಂಗ್ ಇಂಚ್‌ನಲ್ಲಿ ಎರಡೂ ಬರೆಸಿ, ಒಂದಕ್ಕೊಂದು ತಾಳೆ ನೋಡಿ, ನಡುತೂತೂ ಬರೆಸಿ, ಆಮೇಲೆ ಸಹಿ. ತಿದ್ದಿದ ನಕ್ಷೆ ಬರಲು ಎಂಟು ದಿನ ಹೋಯಿತು. ಆ ಎಂಟು ದಿನದ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಕಾಯುವ ದಿನಗಳಲ್ಲಿ ಮಾಡಬೇಕಾದ್ದು ಮೂರು ಕೆಲಸ. ಒಂದು ಸ್ಟಡ್, ಅಂದರೆ ಗಾಲಿಯ ನಟ್ ಏರುವ ಬೋಲ್ಟ್. ನನ್ನ ಗಾಡಿಯಲ್ಲಿ ಮುಂದೆ 1/2 ಇಂಚ್, ಹಿಂದೆ 7/16 ಇದ್ದವು. ನಾಲ್ಕೂ ಕಡೆ 1/2 ಇಂಚ್, ಇಂಚಿಗೆ 20 ಥ್ರೆಡ್‌ನ ಉದ್ದನೆಯ ಸ್ಟಡ್ ಹಾಕಿಸಿದೆ. ನಟ್ ಕೈಯಲ್ಲಿ ಹತ್ತು ಸುತ್ತಾದರೂ ಹೋಗಬೇಕು. ಹೊಸ ರಿಮ್ಮಿಗೆ 60 ಡಿಗ್ರಿ ಕೋನದ ನಟ್ ಬೇಕು. ಹಳೆಯ ರಿಮ್ಮಿನ ವಾಷರ್ ನಟ್ ಹಾಕಿದರೆ ಬಿಗಿಯಾದಂತೆ ಕಂಡು ಸಡಿಲಾಗುತ್ತದೆ. ಎರಡು ವಿಮೆ. ನನ್ನ ಪಾಲಿಸಿಯಲ್ಲಿ ಸಮಯ ಅಳೆದು ಓಡುವ ಸ್ಪರ್ಧೆಗೆ ರಕ್ಷಣೆ ಇಲ್ಲವೆಂದು ಆರನೇ ಪುಟದಲ್ಲಿತ್ತು. ಬಾಯಿಮಾತು ನಂಬದೆ ಬರಹದಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಮೂರು ಸ್ಪೀಡೊಮೀಟರ್.

ಈ ಮೂರನೆಯದು ಯಾರೂ ಮೊದಲೇ ಹೇಳದ ಸಂಗತಿ. ವ್ಯಾಸ 728ರಿಂದ 650ಕ್ಕೆ ಇಳಿದರೆ ಮುಳ್ಳು ನೂರಕ್ಕೆ 12 ಪಾಲು ಹೆಚ್ಚು ತೋರಿಸುತ್ತದೆ. 700ಆರ್4 ಗೇರ್‌ಬಾಕ್ಸ್‌ನಲ್ಲಿ ಇದನ್ನು ಸರಿಪಡಿಸುವುದು ಒಂದು ಚಿಕ್ಕ ಪ್ಲಾಸ್ಟಿಕ್ ಗೇರ್. ನನ್ನದರಲ್ಲಿದ್ದದ್ದು 38 ಹಲ್ಲಿನದು, 38ನ್ನು 1.12ರಿಂದ ಗುಣಿಸಿದರೆ 43 ಹತ್ತಿರ. 43 ಹಲ್ಲಿನದು ತಂದೆ, ಕೂರಲಿಲ್ಲ. 34ರಿಂದ 39 ಹಲ್ಲಿಗೆ ಒಂದು ಗೂಡು, 40ರಿಂದ 45ಕ್ಕೆ ಬೇರೆ ಗೂಡು. ಗೂಡಿನ ಮೇಲೇ ಆ ಅಂಕಿಗಳು ಅಚ್ಚಾಗಿವೆ, ಗ್ರೀಸ್ ಒರೆಸಿದರೆ ಕಾಣುತ್ತದೆ. ಎರಡೂ ಸೇರಿ 45 ಡಾಲರ್. ಎಂಜಿನ್ ಸುತ್ತೂ ಏರುತ್ತದೆ: ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.73, ಟಾಪ್ ಗೇರಿನದು 0.70 ಇರುವಾಗ ಗಂಟೆಗೆ 70 ಮೈಲಿಯಲ್ಲಿ ನಿಮಿಷಕ್ಕೆ 2,140 ಇದ್ದದ್ದು 2,400 ಆಯಿತು. ಇದು ಸಹ್ಯ. ಓವರ್‌ಡ್ರೈವ್ (ಎಂಜಿನ್ ಸುತ್ತು ಇಳಿಸುವ ಮೇಲಿನ ಗೇರ್) ಇಲ್ಲದ ಮೂರು ಗೇರಿನ ಗಾಡಿಯಾದರೆ ಅದೇ ವೇಗಕ್ಕೆ 3,400 ದಾಟುತ್ತದೆ, ಹೆದ್ದಾರಿಯಲ್ಲಿ ಕಿವಿ ಕಿವುಡಾಗುತ್ತದೆ. ಅಂಥವರು ಆಕ್ಸಲ್ ಗೇರ್ ಬದಲಿಸುವ ಖರ್ಚನ್ನೂ ಗಾಲಿಯ ಖರ್ಚಿನ ಜೊತೆಗೇ ಬರೆದುಕೊಳ್ಳಿ.

ಟೈರನ್ನು ರಿಮ್ ಬಂದ ಮೇಲೇ ಕೊಂಡೆ. ಪಕ್ಕದ ನಾಲ್ಕಂಕಿ ನೋಡಿ: 1225 ಎಂದಿದ್ದರೆ 2025ರ ಹನ್ನೆರಡನೇ ವಾರ ತಯಾರಾದದ್ದು. ಮೊದಲು ಕೊಂಡು ಮನೆಯಲ್ಲಿ ಮೂರು ತಿಂಗಳು ಇಟ್ಟರೆ ಮೆದು ರಬ್ಬರ್ ಸುಮ್ಮನೆ ಹಳೆಯದಾಗುತ್ತದೆ.

ಆಗಸ್ಟ್‌ನಲ್ಲಿ ರಿಮ್ ಬಂದಾಗ ಟೈರ್ ಹಾಕಿಸುವ ಮುನ್ನ ಬರಿ ರಿಮ್ಮನ್ನೇ ಬಿಗಿದು ನೋಡಿದೆ. ಟೈರ್ ಏರಿದ ಮೇಲೆ ವಾಪಸ್ ಇಲ್ಲ. ಡಿಸ್ಕನ್ನು ಹಿಡಿದು ನಿಲ್ಲಿಸುವ ಬ್ರೇಕ್ ಕ್ಯಾಲಿಪರ್‌ನ ಉಬ್ಬಿದ ಜಾಗಗಳಿಗೆ ಮಕ್ಕಳು ಆಡುವ ಜೇಡಿಯನ್ನು ಮೆತ್ತಿ, ರಿಮ್ ಹಾಕಿ, ನಿಧಾನ ಒಂದು ಸುತ್ತು ತಿರುಗಿಸಿ ಬಿಚ್ಚಿದರೆ ಜೇಡಿ ಎಷ್ಟು ತೆಳ್ಳಗಾಗಿದೆಯೋ ಅಷ್ಟೇ ಸಂದು. ನನಗೆ 4 ಮಿ.ಮೀ. ಬಂತು. 3 ಇದ್ದರೆ ಸಾಕೆನ್ನುತ್ತಾರೆ, ನಾನೂ ಹಾಗೇ ನಂಬಿದ್ದೆ. ಆದರೆ ಬ್ಯಾಲೆನ್ಸಿಂಗ್‌ನವರು ರಿಮ್ಮಿನ ಒಳಗೆ ಅಂಟಿಸಿದ ತೂಕದ ಬಿಲ್ಲೆಯೇ 5 ಮಿ.ಮೀ. ದಪ್ಪವಿತ್ತು. ಮೊದಲ ನೂರು ಅಡಿಯಲ್ಲೇ ಟಕ್ ಟಕ್ ಸದ್ದು. ಬಿಚ್ಚಿದಾಗ ಬಿಲ್ಲೆ ಅರ್ಧ ಕಿತ್ತು, ಕ್ಯಾಲಿಪರ್ ಮೇಲೆ ಬೆಳ್ಳಿ ಗೀರು. ತೆಳು ಬಿಲ್ಲೆಯನ್ನು ಕ್ಯಾಲಿಪರ್ ಮೇಲೆ ಬಾರದಂತೆ ಒಳಂಚಿಗೆ ಸರಿಸಿ ಅಂಟಿಸಿ ಎಂದು ಮೊದಲೇ ಹೇಳಿ, ರಿಮ್ಮಿನ ಒಳಗೆ ಮಾರ್ಕರ್‌ನಿಂದ ಗೆರೆ ಎಳೆದು ಕೊಡಿ. ಎರಡನೇ ಸಲದ ಬ್ಯಾಲೆನ್ಸಿಂಗ್‌ಗೆ 40 ಡಾಲರ್ ಹೋಯಿತು.

ಒಟ್ಟು ಖರ್ಚು: ರಿಮ್ 1,720, ಅದರ ಸಾಗಣೆ ಮತ್ತು ತೆರಿಗೆ 190, ಟೈರ್ 1,240, ಟೈರ್ ಏರಿಸಿ ಬ್ಯಾಲೆನ್ಸ್ ಮಾಡಿಸಲು 120, ಸ್ಟಡ್ ಮತ್ತು ನಟ್ 115, ಅಲೈನ್‌ಮೆಂಟ್ 140. ಇದಕ್ಕೆ ಜೀಪ್ ರಿಮ್ಮಿನ 55, ಮರುಬ್ಯಾಲೆನ್ಸಿಂಗ್‌ನ 40, ಸ್ಪೀಡೊಮೀಟರ್‌ನ 45, ವೇಬ್ರಿಡ್ಜ್‌ನ 15 ಸೇರಿಸಿದರೆ 3,680 ಡಾಲರ್. ಈ ಬರಹ ಓದಿದವರಿಗೆ 95 ಡಾಲರ್ ಉಳಿಯಲೇಬೇಕು.

ಒಂದು ಲಾಭ ಎಣಿಸದೆ ಬಂತು. ಎತ್ತರದ ಗಾಡಿ ಮಗುಚೀತೆಂಬ ಭಯದಿಂದ ನಮ್ಮ ಭಾಗದ ಆಟೊಕ್ರಾಸ್ ಆಯೋಜಕರು ಗಾಡಿಯ ಎತ್ತರ ಎಡ-ಬಲ ಗಾಲಿಗಳ ನಡುವಣ ಸರಾಸರಿ ಅಗಲವನ್ನು ಮೀರಬಾರದೆಂದು ನೋಡುತ್ತಾರೆ. ಅಗಲ 1,610 ಮಿ.ಮೀ., 20ರ ಗಾಲಿಯಲ್ಲಿ ಎತ್ತರ 1,640. ವ್ಯಾಸ ಕಡಿಮೆಯಾದದ್ದರಿಂದ ಗಾಡಿ 39 ಮಿ.ಮೀ. ಇಳಿದು 1,601ಕ್ಕೆ ಬಂತು. ಸ್ಪ್ರಿಂಗ್ ಮುಟ್ಟದೆಯೇ ಪರಿಶೀಲನೆಯಲ್ಲಿ ಪಾಸಾಯಿತು. ಆ ಚೀಟಿಗೆ ಸಹಿ ಬಿದ್ದಾಗ ಆದ ಸಮಾಧಾನ ಸಣ್ಣದಲ್ಲ.

ಮೊದಲ ದಿನ ತಣ್ಣಗಿರುವಾಗ ಮುಂದೆ 34, ಹಿಂದೆ 32 ಪಿಎಸ್‌ಐ ಗಾಳಿ. ಟೈರಿನ ಭುಜದಲ್ಲಿ ಚಿಕ್ಕ ತ್ರಿಕೋನದ ಗುರುತಿರುತ್ತದೆ. ಅದರ ಮೇಲೆ ಅಡ್ಡಲಾಗಿ ಸೀಮೆಸುಣ್ಣ ಎಳೆದು ಒಂದು ಸುತ್ತು ಓಡಿಸಿ ಬನ್ನಿ. ಸುಣ್ಣ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿ. ನನ್ನದರಲ್ಲಿ ಅದನ್ನೂ ದಾಟಿ ಪಕ್ಕಕ್ಕೆ ಇಳಿದಿತ್ತು, ಭಾರದ ಮೂಗಿಗೆ ಟೈರ್ ಮಗುಚುತ್ತಿತ್ತು. ಮುಂದೆ ಎರಡು ಏರಿಸಿದೆ, ಸರಿಯಾಯಿತು. ಹಿಂದೆ ಮುಟ್ಟಲಿಲ್ಲ. ಊರಿಗೆ ವಾಪಸಾಗುವಾಗ ನಾಲ್ಕಕ್ಕೂ 36. ಮಳೆ ನಿಂತ ರಸ್ತೆಯಲ್ಲಿ ಈ ಟೈರಿನ ಮೇಲೆ ಭರವಸೆ ಬೇಡ. ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿಳಿದರೆ ರಬ್ಬರ್ ಕಲ್ಲಿನಂತಾಗುತ್ತದೆ, ಆಗ ಗಾಡಿ ನಿಲ್ಲಿಸಿ ಇಡಿ. ದಿನಾ ಓಡಿಸಲೇಬೇಕಾದವರು ಅದೇ ವ್ಯಾಸದ ಇನ್ನೊಂದು ಸೆಟ್ ಇಟ್ಟುಕೊಳ್ಳಿ. ಟ್ರ್ಯಾಕ್ ಗಾಲಿ ನಾಲ್ಕನ್ನೂ, ಜಾಕನ್ನೂ ಹಿಂದಿನ ತೊಟ್ಟಿಯಲ್ಲೇ ಹಾಕಿಕೊಂಡು ಹೋಗುವ ಅನುಕೂಲ ಯಾವ ಕಾರಿಗೂ ಇಲ್ಲ.

ನಟ್ ಬಿಗಿ 80 ಅಡಿ-ಪೌಂಡ್, ನಕ್ಷತ್ರದ ಕ್ರಮದಲ್ಲಿ, ಗಾಲಿ ತಣ್ಣಗಿರುವಾಗ. 50 ಮೈಲಿ ಓಡಿಸಿ ಮತ್ತೆ ಟಾರ್ಕ್ ರೆಂಚ್ ಇಟ್ಟಾಗ ಎಡ ಹಿಂದಿನ ಗಾಲಿಯ ಎರಡು ನಟ್ ಕಾಲು ಸುತ್ತು ತಿರುಗಿದವು. ಈಗ ಪ್ರತಿ ನಟ್‌ನಿಂದ ರಿಮ್ಮಿಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ, ಗೆರೆ ಮುರಿದಿದ್ದರೆ ನಟ್ ಸರಿದಿದೆ ಎಂದು ದೂರದಿಂದಲೇ ಕಾಣುತ್ತದೆ.